ಕಾನ್ಸೆಪ್ಟ್ ಮ್ಯಾಪ್ ಮಾಡಿ ಓದಿದರೆ ನೆನಪಿರುತ್ತದಾ?

ಪ್ರಶ್ನೆ: ಹತ್ತರ ತನಕ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪ್ಲಸ್ ವನ್ ಸಯನ್ಸ್ ಸೇರಿದ್ದೇನೆ. ಪಾಠ ಎಲ್ಲ ಇಂಗ್ಲಿಷ್. ಪಾಠದ ಮುಖ್ಯ ಪದಗಳನ್ನು ಪೆಟ್ಟಿಗೆಗಳಲ್ಲಿ ಬರೆದು, ಅವುಗಳ ಸಂಬಂಧವನ್ನು ಗೆರೆ ಎಳೆದು ತೋರಿಸುವ ಕಾನ್ಸೆಪ್ಟ್ ಮ್ಯಾಪ್ ಮಾಡಿ ಓದಿ ಅಂತ ಟೀಚರ್ ಹೇಳಿದರು. ಎರಡು ಪಾಠಕ್ಕೆ ಮಾಡಿದೆ, ಚೆಂದ ಬಂತು. ಪರೀಕ್ಷೆಯಲ್ಲಿ ಮಾತ್ರ ಏನೂ ನೆನಪಾಗಲಿಲ್ಲ. ಇದರಿಂದ ನಿಜವಾಗಿ ಉಪಯೋಗ ಇದೆಯಾ? ಯಾವ ಆ್ಯಪ್ ಒಳ್ಳೆಯದು?

ಉತ್ತರ:

"ಚೆಂದ ಬಂತು" ಅಂದಿರಲ್ಲ, ನನಗೆ ಅನುಮಾನ ಅಲ್ಲೇ.

ನಾನು ಕಾಸರಗೋಡಿನ ಬದಿಯಡ್ಕ ಕಡೆಯವನು. ಹತ್ತರ ತನಕ ಕನ್ನಡ ಮಾಧ್ಯಮ, ಆಮೇಲೆ ಒಮ್ಮೆಲೇ ಇಂಗ್ಲಿಷ್ ಕೆಮಿಸ್ಟ್ರಿ. ನಿಮ್ಮದೇ ದಾರಿ. ಪ್ಲಸ್ ವನ್‌ನಲ್ಲಿ ಐದು ಬಣ್ಣದ ಸ್ಕೆಚ್ ಪೆನ್ ತಂದು, ಚಾರ್ಟ್ ಪೇಪರಿನಲ್ಲಿ ಸಸ್ಯಗಳ ವರ್ಗೀಕರಣದ ಮ್ಯಾಪ್ ಮಾಡಿ ಗೋಡೆಗೆ ಅಂಟಿಸಿದ್ದೆ. ಮನೆಗೆ ಬಂದವರಿಗೆಲ್ಲ ಅಮ್ಮ ಅದನ್ನು ತೋರಿಸುತ್ತಿದ್ದರು. ಆ ಸಲ ನನಗೆ ತೀರಾ ಕಡಿಮೆ ಮಾರ್ಕ್ ಬಂದದ್ದು ಅದೇ ಪಾಠದಲ್ಲಿ. ಈಗ ಸಂಜೆ ಹೊತ್ತು ನಾಲ್ಕಾರು ಮಕ್ಕಳಿಗೆ ಟ್ಯೂಷನ್ ಕೊಡುತ್ತೇನೆ. ಅವರೂ ಅದೇ ತಪ್ಪು ಮಾಡುತ್ತಾರೆ. ಪೆಟ್ಟಿಗೆ ಇರುತ್ತದೆ, ಗೆರೆ ಇರುತ್ತದೆ. ಗೆರೆಯ ಮೇಲೆ ಒಂದಕ್ಷರ ಇರುವುದಿಲ್ಲ.

ಬರೀ ಗೆರೆ ಎಳೆದರೆ "ಇದಕ್ಕೂ ಅದಕ್ಕೂ ಏನೋ ಸಂಬಂಧ ಇದೆ" ಎಂದಷ್ಟೇ ಆಯಿತು. ಆ ಏನೋ ಏನು ಅಂತ ಗೊತ್ತಿಲ್ಲದಿದ್ದರೂ ಗೆರೆ ಎಳೆಯಬಹುದು. ಮೋಸ ಇರುವುದು ಅಲ್ಲಿ.

ಈ ವಿಧಾನ ಬಂದದ್ದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಿಂದ. 1972ರಲ್ಲಿ ಜೋಸೆಫ್ ನೊವಾಕ್ ಮತ್ತು ಅವರ ತಂಡ ಚಿಕ್ಕ ಮಕ್ಕಳ ವಿಜ್ಞಾನದ ತಿಳಿವಳಿಕೆ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗುತ್ತದೆ ಅಂತ ನೋಡುತ್ತಿದ್ದರು. ಮಕ್ಕಳ ಜೊತೆ ಆಡಿದ ಮಾತುಗಳೇ ರಾಶಿ ರಾಶಿ ಆಗಿದ್ದವು. ಮಗುವಿಗೆ ಏನು ಗೊತ್ತು ಎಂಬುದನ್ನು ಒಂದೇ ಹಾಳೆಯಲ್ಲಿ ಕಾಣಿಸಲು ಅವರು ಮಾಡಿಕೊಂಡ ಉಪಾಯ ಇದು. ಅಂದರೆ ಹುಟ್ಟಿದ್ದೇ ತಲೆಯೊಳಗೆ ಏನಿದೆ ಅಂತ ನೋಡಲಿಕ್ಕೆ, ಗೋಡೆ ಅಲಂಕಾರಕ್ಕೆ ಅಲ್ಲ. ಅದರ ಹಿಂದೆ ಇದ್ದದ್ದು ಡೇವಿಡ್ ಆಸುಬೆಲ್ ಎಂಬ ಮನಶ್ಶಾಸ್ತ್ರಜ್ಞರ ವಿಚಾರ: ಹೊಸದು ತಲೆಯಲ್ಲಿ ನಿಲ್ಲಬೇಕಾದರೆ ಈಗಾಗಲೇ ಗೊತ್ತಿರುವ ಯಾವುದಕ್ಕಾದರೂ ಅದು ಅಂಟಿಕೊಳ್ಳಬೇಕು.

ನಿಮಗೆ ಈಗಾಗಲೇ ಏನು ಗೊತ್ತು? ನೀವು ನಮ್ಮ ಕಡೆಯವರೇ ಆದರೆ ಮಳೆಗಾಲದಲ್ಲಿ ಅಡಿಕೆ ಕೊಳೆತು ಉದುರುವ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತು, ಸುಣ್ಣ ನೀರಿನಲ್ಲಿ ಕಲಸಿದ ಮದ್ದು) ಬಿಡುವುದು ಗೊತ್ತಿರುತ್ತದೆ. ಅದನ್ನೇ ಹಿಡಿದು ಒಂದು ಮ್ಯಾಪ್ ಮಾಡೋಣ.

ಮೊದಲು ಒಂದು ಪ್ರಶ್ನೆ ಬೇಕು. "ಕೊಳೆರೋಗ" ಅಂತ ತಲೆಬರಹ ಹಾಕಿದರೆ ಸಾಲದು. "ಮಳೆ ಹಿಡಿಯುವ ಮುಂಚೆಯೇ ಬೋರ್ಡೋ ಬಿಡಬೇಕು, ಯಾಕೆ?" ಅಂತ ಹಾಳೆಯ ಮೇಲ್ಗಡೆ ಬರೆಯಿರಿ. ಪ್ರಶ್ನೆ ಇದ್ದರೆ ಯಾವ ಪದ ಬೇಕು, ಯಾವುದು ಬೇಡ ಅಂತ ತಾನಾಗಿ ಗೊತ್ತಾಗುತ್ತದೆ. ಆಮೇಲೆ ಪದಗಳನ್ನು ಚೀಟಿಗಳಲ್ಲಿ ಬರೆದು ನೆಲದ ಮೇಲೆ ಹರಡಿ: ಮಳೆ, ಫೈಟೋಫ್ಥೋರ (ಕೊಳೆರೋಗ ತರುವ ಸೂಕ್ಷ್ಮಜೀವಿ), ಝೂಸ್ಪೋರ್ (ಅದರ ಈಜಬಲ್ಲ ಬೀಜಕಣ), ನೀರಿನ ಪದರ, ಎಳೆ ಅಡಿಕೆ, ಮೈಲುತುತ್ತು (ಕಾಪರ್ ಸಲ್ಫೇಟ್), ಸುಣ್ಣ, ತಾಮ್ರ. ಒಂದು ಪಾಠಕ್ಕೆ ಹದಿನೈದರಿಂದ ಇಪ್ಪತ್ತೈದು ಪದ ಸಾಕು. ದೊಡ್ಡ ವಿಷಯ ಮೇಲೆ, ಚಿಕ್ಕದು ಕೆಳಗೆ ಬರುವ ಹಾಗೆ ಚೀಟಿಗಳನ್ನು ಸರಿಸಿ. ಇದರಲ್ಲೇ ಅರ್ಧ ಗಂಟೆ ಹೋಗುತ್ತದೆ, ಹೋಗಲಿ. ಫ್ಯಾನ್ ಮಾತ್ರ ಆಫ್ ಮಾಡಿ.

ಈಗ ಬಾಣ. ಇಂಗ್ಲಿಷ್ ಪುಸ್ತಕಗಳಲ್ಲಿ ಯಾರೂ ಹೇಳದ ಒಂದು ತೊಡಕು ಇಲ್ಲಿ ಬರುತ್ತದೆ. ಇಂಗ್ಲಿಷಿನಲ್ಲಿ ಕ್ರಿಯಾಪದ ವಾಕ್ಯದ ನಡುವೆ ಕೂರುತ್ತದೆ. ಹಾಗಾಗಿ ಎರಡು ಪೆಟ್ಟಿಗೆಗಳ ನಡುವಿನ ಬಾಣದ ಮೇಲೆ ಅದನ್ನು ಬರೆದರೆ ಓದುವಾಗ ವಾಕ್ಯ ಸರಿಯಾಗಿಯೇ ಬರುತ್ತದೆ. ನಮ್ಮ ಕ್ರಿಯಾಪದ ಕೂರುವುದು ಕೊನೆಯಲ್ಲಿ. "ಝೂಸ್ಪೋರ್, ಈಜುತ್ತದೆ, ನೀರಿನ ಪದರ" ಅಂತ ಓದಿದರೆ ನಮಗೇ ನಗು ಬರುತ್ತದೆ. ಅದಕ್ಕೆ ನಾನು ಮಕ್ಕಳಿಗೆ ಹೇಳುವುದು ಹೀಗೆ: ಬಾಣ ಹೊರಟ ಪೆಟ್ಟಿಗೆ ಮೊದಲು ಓದಿ, ಬಾಣ ಮುಟ್ಟಿದ ಪೆಟ್ಟಿಗೆ ಆಮೇಲೆ, ಬಾಣದ ಮೇಲಿನ ಮಾತು ಕೊನೆಗೆ. ಬಾಣದ ಮೇಲೆ ಪ್ರತ್ಯಯ ಸೇರಿಸಿಯೇ ಬರೆಯಿರಿ: "-ದಲ್ಲಿ ಈಜುತ್ತದೆ". ಓದಿದರೆ "ಝೂಸ್ಪೋರ್ ನೀರಿನ ಪದರದಲ್ಲಿ ಈಜುತ್ತದೆ".

ಆ ಪ್ರತ್ಯಯ ಸಣ್ಣ ವಿಷಯ ಅಲ್ಲ. ನನ್ನ ಹತ್ತಿರ ಬರುವ ಒಬ್ಬ ಹುಡುಗ ಅದೇ ಬಾಣದ ಮೇಲೆ "-ದಿಂದ ಹುಟ್ಟುತ್ತದೆ" ಅಂತ ಬರೆದಿದ್ದ. ನೀರಿನಿಂದ ರೋಗ ಹುಟ್ಟುತ್ತದೆ ಎಂದೇ ಅವನು ಅಂದುಕೊಂಡಿದ್ದ. "-ದಿಂದ" ಮತ್ತು "-ದಲ್ಲಿ" ನಡುವೆ ಇಡೀ ಪಾಠ ಇತ್ತು. ಇಂಗ್ಲಿಷ್ ವಾಕ್ಯ ಬಾಯಿಪಾಠ ಮಾಡಿದ್ದರೆ ಆ ತಪ್ಪು ಅವನಿಗೂ ಕಾಣುತ್ತಿರಲಿಲ್ಲ, ನನಗೂ ಕಾಣುತ್ತಿರಲಿಲ್ಲ. ಹಾಗಾಗಿ ನಿಮಗೆ ನನ್ನ ಮುಖ್ಯ ಸಲಹೆ: ಪೆಟ್ಟಿಗೆಯೊಳಗಿನ ಪದ ಇಂಗ್ಲಿಷಿನದೇ ಇರಲಿ, ಪರೀಕ್ಷೆಗೆ ಅದು ಬೇಕು. ಬಾಣದ ಮೇಲಿನ ಮಾತು ಮಾತ್ರ ಕನ್ನಡದಲ್ಲಿರಲಿ. ಮನೆಮಾತು ತುಳುವೋ ಹವ್ಯಕವೋ ಆದರೆ ಅದರಲ್ಲೇ ಬರೆಯಿರಿ, ಯಾರು ಕೇಳುತ್ತಾರೆ? ಬಾಣಗಳೆಲ್ಲ ಸರಿ ಅನಿಸಿದ ಮೇಲೆ ಒಂದೊಂದನ್ನೇ ಇಂಗ್ಲಿಷ್ ವಾಕ್ಯ ಮಾಡಿ ಬರೆದು ನೋಡಿ.

ಇನ್ನು ಅಡ್ಡ ಬಾಣಗಳು. ಮ್ಯಾಪಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗುವಂಥವು. ನನಗೆ ತುಂಬಾ ಇಷ್ಟದ್ದು ಇದು. ಅಪ್ಪ ಬೋರ್ಡೋ ಮಾಡುವಾಗ ಪ್ಲಾಸ್ಟಿಕ್ ಡ್ರಮ್ಮೇ ಬೇಕು ಅನ್ನುತ್ತಿದ್ದರು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಒಟ್ಟು ನೂರು ಲೀಟರ್ ನೀರು. ಕಲಸಿದ ಮೇಲೆ ಕಬ್ಬಿಣದ ಕತ್ತಿಯ ಅಲಗು ಅದ್ದಿ ತೆಗೆದು ನೋಡುತ್ತಿದ್ದರು. ಅಲಗು ಕೆಂಪಗಾದರೆ ಸುಣ್ಣ ಸಾಲದು, ಇನ್ನಷ್ಟು ಹಾಕು. ಆ ಕೆಂಪು ಏನು ಅಂತ ನಾನು ಎಷ್ಟೋ ವರ್ಷ ಯೋಚಿಸಿಯೇ ಇರಲಿಲ್ಲ. ಅದು ತಾಮ್ರ. ಸುಣ್ಣದ ಜೊತೆ ಸೇರದೆ ಉಳಿದ ತಾಮ್ರವನ್ನು ಕಬ್ಬಿಣ ದ್ರಾವಣದಿಂದ ಹೊರಗೆ ತಳ್ಳುತ್ತದೆ, ಅದು ಅಲಗಿನ ಮೇಲೆ ಕೂರುತ್ತದೆ. ಹಾಗೆ ಉಳಿದ ತಾಮ್ರ ಗಿಡವನ್ನೂ ಸುಡುತ್ತದೆ, ಅದಕ್ಕೇ ಸುಣ್ಣ. ನಿಮ್ಮ ಕೆಮಿಸ್ಟ್ರಿಯ ರೆಡಾಕ್ಸ್ ಪಾಠ ಪೂರ್ತಿ ನಮ್ಮ ಅಂಗಳದ ಡ್ರಮ್ಮಿನಲ್ಲಿ ಇತ್ತು! ಕಬ್ಬಿಣ ಎಲೆಕ್ಟ್ರಾನ್ ಕೊಡುತ್ತದೆ, ಅದು ಆಕ್ಸಿಡೇಷನ್; ತಾಮ್ರ ತೆಗೆದುಕೊಳ್ಳುತ್ತದೆ, ಅದು ರಿಡಕ್ಷನ್. "ಕಬ್ಬಿಣ", "ತಾಮ್ರ", ಬಾಣದ ಮೇಲೆ "-ಕ್ಕೆ ಎಲೆಕ್ಟ್ರಾನ್ ಕೊಡುತ್ತದೆ". ಈ ಒಂದು ಬಾಣ ಎಳೆದ ಮೇಲೆ ಯಾವುದು ಆಕ್ಸಿಡೇಷನ್, ಯಾವುದು ರಿಡಕ್ಷನ್ ಅಂತ ನನಗೆ ಮತ್ತೆ ಗೊಂದಲ ಆಗಿಲ್ಲ.

ಇಷ್ಟೆಲ್ಲ ಸರಿ ಮಾಡಿದರೂ ಪರೀಕ್ಷೆಯಲ್ಲಿ ನೆನಪಾಗದೆ ಇರಬಹುದು. ಪುಸ್ತಕ ಎದುರಿಗೆ ತೆರೆದಿಟ್ಟುಕೊಂಡು ಮ್ಯಾಪ್ ಮಾಡಿದ್ದೀರಿ, ಅಲ್ವಾ? ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಕಾರ್ಪಿಕಿ, ಬ್ಲಂಟ್ ಎಂಬ ಇಬ್ಬರು ಇದನ್ನೇ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದರು. ಕೆಲವರು ಪಾಠ ನೋಡಿಕೊಂಡು ಕಾನ್ಸೆಪ್ಟ್ ಮ್ಯಾಪ್ ಮಾಡಿದರು. ಇನ್ನು ಕೆಲವರು ಪಾಠ ಓದಿ, ಮುಚ್ಚಿಟ್ಟು, ನೆನಪಿದ್ದದ್ದನ್ನೆಲ್ಲ ಬರೆದರು. ಒಂದು ವಾರ ಬಿಟ್ಟು ಪರೀಕ್ಷೆ ಮಾಡಿದಾಗ ಮುಚ್ಚಿಟ್ಟು ಬರೆದವರೇ ಮುಂದೆ. ಪರೀಕ್ಷೆಯಲ್ಲಿ ಮ್ಯಾಪ್ ಬಿಡಿಸಲು ಹೇಳಿದಾಗಲೂ ಅವರೇ ಮುಂದೆ.

ಇದನ್ನು ಓದಿ ಮ್ಯಾಪ್ ಬಿಟ್ಟುಬಿಡಬೇಕಾಗಿಲ್ಲ. ಪುಸ್ತಕ ಮುಚ್ಚಿ ಮ್ಯಾಪ್ ಮಾಡಿ, ಅಷ್ಟೆ. ಮೊದಲ ಸಲ ನೋಡಿಕೊಂಡು ಮಾಡಬಹುದು. ಎರಡು ದಿನ ಬಿಟ್ಟು ಖಾಲಿ ಹಾಳೆಯಲ್ಲಿ ನೆನಪಿನಿಂದ ಮಾಡಿ. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದ ಬಾಣಗಳನ್ನು ಕೆಂಪು ಪೆನ್ನಿನಲ್ಲಿ ಸೇರಿಸಿ. ಇನ್ನೊಂದು ವಾರ ಬಿಟ್ಟು ಮತ್ತೊಮ್ಮೆ. ಚೆಂದ ಆಗುವುದಿಲ್ಲ, ಗೀಚುಗೀಚಾಗಿ ಇರುತ್ತದೆ. ನಾನು ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿ ಕೊಡುತ್ತೇನೆ. ಒಳ್ಳೆಯ ಕಾಗದ ಕೊಟ್ಟರೆ ಹುಡುಗರು ಅಕ್ಷರ ದುಂಡಗೆ ಮಾಡಲು ಶುರು ಮಾಡುತ್ತಾರೆ.

ಎಲ್ಲ ಪಾಠಕ್ಕೂ ಇದು ಬೇಡ. ಫಿಸಿಕ್ಸ್‌ನಲ್ಲಿ ಲೆಕ್ಕ ಮಾಡಿಯೇ ಕಲಿಯಬೇಕು. ಗಣಿತವೂ ಹಾಗೆಯೇ. ಬಯಾಲಜಿ, ಕೆಮಿಸ್ಟ್ರಿಯ ಥಿಯರಿ ಭಾಗಕ್ಕೆ ಚೆನ್ನಾಗಿ ಹೊಂದುತ್ತದೆ.

ಆ್ಯಪ್ ಕೇಳಿದ್ದಿರಿ. ಕಂಪ್ಯೂಟರ್ ಇದ್ದರೆ ಸಿಮ್ಯಾಪ್ ಟೂಲ್ಸ್ ಅಂತ ಒಂದಿದೆ, ದುಡ್ಡು ಕೊಡಬೇಕಾಗಿಲ್ಲ, ನೊವಾಕ್ ಅವರೇ ಅದರ ಜೊತೆ ಕೆಲಸ ಮಾಡಿದ್ದಾರೆ. ಬಾಣ ಎಳೆದ ಕೂಡಲೇ ಅದರ ಮೇಲೆ ಮಾತು ಬರೆಯಲು ಜಾಗ ತೋರಿಸುತ್ತದೆ, ಆ ಒಂದು ಗುಣಕ್ಕೆ ನನಗೆ ಇಷ್ಟ. ಫೋನಿನ ಸಣ್ಣ ಪರದೆಯಲ್ಲಿ ಇಪ್ಪತ್ತು ಪೆಟ್ಟಿಗೆ ಹಿಡಿಸುವುದು ಕಷ್ಟ. ಸದ್ಯಕ್ಕೆ ನಿಮ್ಮ ಆ ಎರಡು ಚೆಂದದ ಮ್ಯಾಪ್‌ಗಳನ್ನೇ ತೆಗೆದುಕೊಳ್ಳಿ. ಪುಸ್ತಕ ಮುಚ್ಚಿ, ಖಾಲಿ ಇರುವ ಪ್ರತಿ ಗೆರೆಯ ಮೇಲೂ ಕನ್ನಡದಲ್ಲಿ ಒಂದು ಮಾತು ಬರೆಯಲು ಕೂತುಕೊಳ್ಳಿ. ಎಷ್ಟು ಗೆರೆ ಖಾಲಿ ಉಳಿಯಿತು ಅಂತ ಇಲ್ಲೇ ಕಮೆಂಟ್ ಹಾಕಿ, ಮುಂದಿನದು ನೋಡೋಣ.