ಅಜ್ಜ ಬೊಂಬಾಯಿಗೆ ಹೋದ ದಾರಿ

ನಿಮ್ಮ ಪ್ರಶ್ನೆ: ಅಜ್ಜ ಅಥವಾ ಅಜ್ಜಿ ಹಿಂದೆ ಮಾಡಿದ ದೂರದ ಪ್ರಯಾಣವನ್ನು ಅದೇ ದಾರಿಯಲ್ಲಿ ಮಾಡಿ ನೋಡಿದವರಿದ್ದೀರಾ, ಏನು ವ್ಯತ್ಯಾಸ ಕಂಡಿತು?

ನಾನು ಮಾಡಿದ್ದೇನೆ, ಅಜ್ಜ ತೀರಿಕೊಂಡ ಮೇಲೆ. ನಾನು ಹುಟ್ಟಿ ಬೆಳೆದದ್ದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಅಜ್ಜ ಕುಂದಾಪುರ ಹತ್ತಿರದ ಕೋಟೇಶ್ವರದವರು. 1946ರ ಜೂನ್‌ನಲ್ಲಿ, ಹದಿಮೂರನೆಯ ವಯಸ್ಸಿಗೆ, ಬೊಂಬಾಯಿಯ ಫೋರ್ಟಿನ ಹೋಟೆಲೊಂದರಲ್ಲಿ ಕಪ್ಪು-ಬಸಿ ತೊಳೆಯುವ ಕೆಲಸಕ್ಕೆಂದು ಊರಿನ ಭಟ್ಟರೊಬ್ಬರ ಜೊತೆ ಹೊರಟರು. ಬೊಂಬಾಯಿ ಮುಟ್ಟಿದ್ದು ಐದನೆಯ ದಿನ.

ಈಗ ಕುರ್ಲಾ ಟರ್ಮಿನಸ್ಸಿನಲ್ಲಿ ಮಧ್ಯಾಹ್ನ ಮತ್ಸ್ಯಗಂಧ ರೈಲು ಹತ್ತಿದರೆ ಬೆಳಗಾಗುವಾಗ ಕುಂದಾಪುರ. ಆದರೆ ಕೊಂಕಣ ರೈಲು ಪೂರ್ತಿ ಶುರುವಾದದ್ದು 1998ರಲ್ಲಿ. ಅಜ್ಜನ ಕಾಲದಲ್ಲಿ ಬೊಂಬಾಯಿಗೆ ಹಡಗಿತ್ತು, ಮಳೆಗಾಲದಲ್ಲಿ ಅದೂ ನಿಲ್ಲುತ್ತಿತ್ತು. ಕರಾವಳಿ ಹಿಡಿದು ನೇರ ಉತ್ತರಕ್ಕೆ ಹೋದರೆ ಕಾರವಾರ ದಾಟುತ್ತಲೇ ಪೋರ್ಚುಗೀಸರ ಗೋವಾ. ಹಾಗಾಗಿ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗಿ ರೈಲು ಹಿಡಿಯಬೇಕು. ನಾನೂ ಅದೇ ದಾರಿ ಹಿಡಿದೆ.

ಅಜ್ಜನ ಕಥೆಯಲ್ಲಿ ಅರ್ಧ ನದಿಗಳೇ. ಮೊದಲು ಗಂಗೊಳ್ಳಿ ಕಡವು. ದಡದಲ್ಲಿ ಅವರ ಅಬ್ಬಿ, ಅಂದರೆ ತಾಯಿ, ನಿಂತು, ‘ಮುಟ್ಟದ್ ಕೂಡ್ಲೆ ಕಾಗ್ದ ಹಾಕ್ ಮಗಾ’ ಎಂದಿದ್ದರಂತೆ. ಆಚೆ ದಡದಲ್ಲಿ ಇದ್ದಿಲ ಬಸ್ಸು. ಯುದ್ಧಕಾಲದ ಪೆಟ್ರೋಲ್ ಬರ ಇನ್ನೂ ಮುಗಿದಿರಲಿಲ್ಲ, ಇದ್ದಿಲು ಉರಿಸಿ ಅದರ ಗ್ಯಾಸಿನಲ್ಲಿ ಬಸ್ಸು ಓಡಿಸುತ್ತಿದ್ದರು. ಹೊಳೆ ಬಂದಲ್ಲೆಲ್ಲ ಬಸ್ಸು ಈಚೆಗೇ ನಿಲ್ಲುತ್ತಿತ್ತು. ಗಂಟು ಹೊತ್ತು ದೋಣಿಯಲ್ಲಿ ದಾಟಿ ಆಚೆಯ ಬಸ್ಸಿಗೆ ಕಾಯಬೇಕು. ಹೊನ್ನಾವರದಲ್ಲಿ ಶರಾವತಿ ಕೆಂಪು ನೀರು ತುಂಬಿ ಹರಿಯುತ್ತಿದ್ದುದರಿಂದ ಅಂಬಿಗರು ಒಂದಿಡೀ ರಾತ್ರಿ ದೋಣಿ ಬಿಡಲೇ ಇಲ್ಲ. ನನ್ನ ಬಸ್ಸು ಅದೇ ಹೊಳೆಯನ್ನು ಎರಡು ನಿಮಿಷದಲ್ಲಿ ದಾಟಿತು. ಅಲ್ಲಿನ ರೈಲು ಸೇತುವೆ ಎರಡು ಕಿಲೋಮೀಟರ್‌ಗೂ ಹೆಚ್ಚು ಉದ್ದ, ಕೊಂಕಣ ರೈಲ್ವೆಯಲ್ಲಿ ಅದಕ್ಕಿಂತ ಉದ್ದದ್ದು ಇನ್ನೊಂದಿಲ್ಲ.

ಭಟ್ಕಳದ ಕಥೆಯನ್ನು ಅಜ್ಜ ನೂರು ಸಲ ಹೇಳಿರಬೇಕು. ಕುಂದಾಪುರ ಆಗ ಮದರಾಸು ಪ್ರಾಂತ್ಯ, ಭಟ್ಕಳ ಬೊಂಬಾಯಿ ಪ್ರಾಂತ್ಯ. ಶಿರೂರು ದಾಟುತ್ತಲೇ ಭಟ್ಟರು ‘ಇನ್ ಬೊಂಬಾಯಿ’ ಎಂದರಂತೆ. ಅಜ್ಜ ಊರು ಬಂದೇಬಿಟ್ಟಿತೆಂದು ಗಂಟು ಎತ್ತಿಕೊಂಡು ಎದ್ದು ನಿಂತರಂತೆ.

ಕುಮಟಾದಿಂದ ದೇವಿಮನೆ ಘಟ್ಟ, ಶಿರಸಿ, ಹುಬ್ಬಳ್ಳಿ. ಹಿಂದೆ ಧಾರವಾಡ ಸೀಮೆಯ ಹತ್ತಿ ಕುಮಟಾ ಬಂದರಿಗೆ ಇಳಿಯುತ್ತಿದ್ದದ್ದು ಇದೇ ಘಟ್ಟದಲ್ಲಿ. ಏರಿನಲ್ಲಿ ಇದ್ದಿಲ ಬಸ್ಸು ಎಳೆಯದೆ ಗಂಡಸರೆಲ್ಲ ಇಳಿದು ಮಳೆಯಲ್ಲಿ ನಡೆದರು. ನಾನು ಕಿಟಕಿ ಪಕ್ಕ ಕೂತು ಆ ತಿರುವುಗಳನ್ನು ನೋಡುತ್ತ ಹೋದೆ. ಬರಿಗಾಲಿನ ಹುಡುಗನೊಬ್ಬ ಅಲ್ಲಿ ನಡೆದ ಎಂದು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ. ಹುಬ್ಬಳ್ಳಿಯಲ್ಲಿ ಆ ರಾತ್ರಿ ಎಲ್ಲಿ ಮಲಗಿದ್ದಿರಿ ಎಂದು ನಾನು ಕೇಳಿಟ್ಟುಕೊಂಡಿರಲಿಲ್ಲ. ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಇಂಥದ್ದನ್ನೇ ಕೇಳಿ: ಎಲ್ಲಿ ಮಲಗಿದಿರಿ, ಏನು ತಿಂದಿರಿ, ಯಾರು ನೀರು ಕೊಟ್ಟರು. ಊರುಗಳ ಹೆಸರು ನಕ್ಷೆಯಲ್ಲೂ ಸಿಗುತ್ತದೆ.

ಹುಬ್ಬಳ್ಳಿಯಿಂದ ಪುಣೆವರೆಗೆ ಆಗ ಮೀಟರ್ ಗೇಜ್, ಅಂದರೆ ಕಿರಿದಾದ ಹಳಿ. ಪುಣೆಯಲ್ಲಿ ಇಳಿದು ದೊಡ್ಡ ಗಾಡಿಗೆ ಬದಲಾಯಿಸಬೇಕಿತ್ತು. ಅಲ್ಲಿ ಹೊಗೆಯಿಲ್ಲದ ಎಂಜಿನ್ ನೋಡಿ ಅಜ್ಜ ಬೆರಗಾದರು. ಬೊಂಬಾಯಿ-ಪುಣೆ ಮಾರ್ಗ ಅಷ್ಟರಲ್ಲೇ ವಿದ್ಯುತ್ತಿನದಾಗಿತ್ತು. ನಾನು ಬಂದ ಹುಬ್ಬಳ್ಳಿ-ದಾದರ್ ರೈಲಿನಲ್ಲಿ ಇಳಿದು ಹತ್ತುವ ಕೆಲಸವೇ ಇಲ್ಲ. ಆದರೂ ರಾತ್ರಿ ಪುಣೆ ಬಂದಾಗ ಪ್ಲಾಟ್‌ಫಾರ್ಮಿಗೆ ಇಳಿದು ಒಂದು ಚಹಾ ಕುಡಿದೆ. ಮುಂಬೈಯ ಸಿಎಸ್‌ಎಂಟಿ ನಿಲ್ದಾಣವನ್ನು ಅಜ್ಜ ಕೊನೆವರೆಗೂ ಬೋರಿಬಂದರ್ ಎಂದೇ ಕರೆದರು. ದಾದರಿನಿಂದ ಲೋಕಲ್ ಹಿಡಿದು ಅಲ್ಲಿಗೂ ಹೋಗಿ ನಿಂತು ಬಂದೆ.

ಐದು ದಿನದ್ದು ಒಂದು ರಾತ್ರಿಗೆ ಇಳಿದದ್ದಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಊರಿಗೆ ತಿರುಗಿ ಹೋಗುವ ದಾರಿ. ಬಂದ ಆರು ವರ್ಷಕ್ಕೆ, ಆಷಾಢದಲ್ಲಿ, ಅಬ್ಬಿ ತೀರಿಕೊಂಡರೆಂದು ತಂತಿ ಬಂತು. ಅಜ್ಜ ಅದೇ ಹೊಳೆಗಳನ್ನು ದಾಟಿ ಊರು ಸೇರುವಾಗ ಎಲ್ಲ ಮುಗಿದು ನಾಲ್ಕು ದಿನವಾಗಿತ್ತು.

2016ರ ಆಗಸ್ಟಿನಲ್ಲಿ ಅವರ ತಂಗಿ ಹೋದರು. ಬೆಳಿಗ್ಗೆ ಫೋನ್ ಬಂತು, ಮಧ್ಯಾಹ್ನ ಅಜ್ಜನನ್ನು ರೈಲು ಹತ್ತಿಸಿದೆ. ರಿಸರ್ವೇಶನ್ ಇರಲಿಲ್ಲ, ಯಾರೋ ಪುಣ್ಯಾತ್ಮರು ತಮ್ಮ ಕೆಳಗಿನ ಬರ್ತ್ ಬಿಟ್ಟುಕೊಟ್ಟರು. ಮಳೆಗಾಲವೆಂದು ಗಾಡಿ ನಿಧಾನ. ಆದರೂ ಮರುದಿನ ಬೆಳಿಗ್ಗೆ ಕೋಟೇಶ್ವರದ ಮನೆಯ ಜಗಲಿಯಲ್ಲಿ, ನಮಗಾಗಿ ಕಾದಿದ್ದ ದೇಹದ ಪಕ್ಕ ಕೂತು ಅಜ್ಜ ತಂಗಿಯ ಬಾಯಿಗೆ ತುಳಸಿ ನೀರು ಬಿಟ್ಟರು. ‘ಅಬ್ಬಿಗೆ ಬಿಡೂಕ್ ಆಯ್ಲಿಲ್ಲ’ ಎಂದರು.