ಮನೆಯಲ್ಲಿ ಇಬ್ಬರು, ಕಾಗದದಲ್ಲಿ ಒಬ್ಬರು

ಸಲಿಂಗ ಜೋಡಿಗಳ ದತ್ತು ಹಕ್ಕಿನ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಓದುಗರೊಬ್ಬರು ಬರೆದಿದ್ದಾರೆ: “ಮಗು ಬೇಕು ಅನ್ನುವುದು ದೊಡ್ಡವರ ಆಸೆ. ಅದನ್ನು ಹಕ್ಕು ಅಂತ ಕರೆಯುವುದು ಸರಿಯಾ? ಮಗುವಿಗೆ ಅಪ್ಪ, ಅಮ್ಮ ಇಬ್ಬರೂ ಬೇಕು. ಶಾಲೆಯಲ್ಲಿ ಉಳಿದ ಮಕ್ಕಳು ಆಡಿಕೊಂಡರೆ ಅದರ ಗತಿ ಏನು? ಮೊದಲೇ ಎಷ್ಟೋ ಗಂಡ-ಹೆಂಡತಿಯರು ಸರದಿಯಲ್ಲಿ ಕಾಯುತ್ತಿದ್ದಾರೆ.”

ಸಂಪಾದಕರ ಉತ್ತರ:

ಮೇಡಂ, ನಿಮ್ಮ ಮೊದಲ ಮಾತಿಗೆ ನನ್ನ ತಕರಾರಿಲ್ಲ. ಮಗು ಕೊಡಿ ಅಂತ ಹಕ್ಕಿನಿಂದ ಕೇಳಲು ಯಾರಿಗೂ ಬರುವುದಿಲ್ಲ, ಗಂಡ-ಹೆಂಡತಿಗೂ ಬರುವುದಿಲ್ಲ. ಕೇಳಬಹುದಾದದ್ದು ಇಷ್ಟೇ: ನಮ್ಮ ಮನೆಯನ್ನೂ ಬಂದು ನೋಡಿ, ಸರಿಯಿಲ್ಲ ಅನಿಸಿದರೆ ಆಮೇಲೆ ಬೇಡ ಅನ್ನಿ.

ಆದರೆ ಕಾನೂನು ಬೇಡ ಅಂದ ಮಾತ್ರಕ್ಕೆ ಇಂಥ ಮನೆಗಳಲ್ಲಿ ಮಕ್ಕಳು ಬೆಳೆಯುವುದು ನಿಲ್ಲುವುದಿಲ್ಲ. ಭಾರತವನ್ನೇ ನೋಡಿ. ಒಂಟಿ ಮಹಿಳೆ ಗಂಡು ಮಗುವನ್ನಾಗಲಿ ಹೆಣ್ಣು ಮಗುವನ್ನಾಗಲಿ ದತ್ತು ಪಡೆಯಬಹುದು. ಒಂಟಿ ಗಂಡಸಿಗೆ ಗಂಡು ಮಗು ಮಾತ್ರ. ಜೋಡಿಯಾಗಿ ಕೇಳುವುದಾದರೆ ಕನಿಷ್ಠ ಎರಡು ವರ್ಷದ ದಾಂಪತ್ಯ ಆಗಿರಬೇಕು. ಸಲಿಂಗ ಜೋಡಿಯ ಮದುವೆಗೆ ಇಲ್ಲಿ ಕಾನೂನಿನ ಮಾನ್ಯತೆ ಇಲ್ಲ. ಹೀಗಾಗಿ ಇಬ್ಬರು ಹೆಂಗಸರು ಸೇರಿ ಸಾಕುವ ಮಗುವಿಗೆ ಕಾಗದದಲ್ಲಿ ಒಬ್ಬಳೇ ಅಮ್ಮ. ಇನ್ನೊಬ್ಬರು ಯಾರೂ ಅಲ್ಲ.

ರಾತ್ರಿ ಮಗುವಿಗೆ ಹೊಟ್ಟೆನೋವು ಬಂತು, ಆಸ್ಪತ್ರೆಗೆ ಎತ್ತಿಕೊಂಡು ಓಡಿದ್ದು ಈ ಎರಡನೆಯವರೇ ಅಂತಿಟ್ಟುಕೊಳ್ಳಿ. ಆಪರೇಷನ್ನಿನ ಒಪ್ಪಿಗೆ ಪತ್ರದಲ್ಲಿ ‘ತಂದೆ/ತಾಯಿ/ಪೋಷಕರ ಸಹಿ’ ಅಂತ ಒಂದು ಗೆರೆ ಇರುತ್ತದಲ್ಲ, ಅಲ್ಲಿ ಅವರು ಏನಂತ ಸಹಿ ಹಾಕಬೇಕು? ಕಾಗದದ ಅಮ್ಮ ತೀರಿಕೊಂಡರೆ ಮಗುವನ್ನು ಜೊತೆಯಲ್ಲಿ ಇಟ್ಟುಕೊಳ್ಳಲು ಇವರು ಕೋರ್ಟಿಗೆ ಅಲೆಯಬೇಕು. ಉಯಿಲು ಬರೆಯದಿದ್ದರೆ ಇವರ ಆಸ್ತಿ ಮಗುವಿಗೆ ಹೋಗುವುದಿಲ್ಲ. ಇನ್ನೊಂದಿದೆ, ಅದನ್ನು ಯಾರೂ ಜಾಸ್ತಿ ಎತ್ತುವುದಿಲ್ಲ. ಇಬ್ಬರೂ ಜಗಳವಾಡಿ ಬೇರೆಯಾದರೆ ಎರಡನೆಯವರು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟುಬಿಡಬಹುದು. ಸ್ಕೂಲ್ ಫೀಸು ಯಾರು ಕಟ್ಟುತ್ತಾರೆ ಅಂತ ಕೇಳಲು ಮಗುವಿಗೆ ಕಾನೂನಿನ ದಾರಿಯಿಲ್ಲ. ದತ್ತು ಪತ್ರ ದೊಡ್ಡವರಿಗೆ ಸಿಗುವ ಬಹುಮಾನ ಅಂತ ನೀವು ನೋಡುತ್ತಿದ್ದೀರಿ. ನನಗೆ ಅದು ಅವರನ್ನು ಕಟ್ಟಿಹಾಕುವ ಹಗ್ಗವಾಗಿ ಕಾಣುತ್ತದೆ.

2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಈ ವಿಷಯದಲ್ಲಿ ಒಡೆಯಿತು. ಮದುವೆಯಾಗದ ಜೋಡಿಗೆ ದತ್ತು ಇಲ್ಲ ಅನ್ನುವ ನಿಯಮ ಹೋಗಬೇಕು ಅಂತ ಇಬ್ಬರು, ಇರಲಿ ಅಂತ ಮೂವರು. ಆ ಮೂವರು ಕೂಡ ಇಂಥವರು ಒಳ್ಳೆಯ ಪಾಲಕರಾಗಲಾರರು ಅಂತ ಹೇಳಲಿಲ್ಲ. ಜೋಡಿ ಮುರಿದರೆ ಮಗುವನ್ನು ಕಾಯಲು ಈಗಿನ ಕಾನೂನು ಸಾಲದು ಅನ್ನುವುದು ಅವರ ಆತಂಕ. ಆತಂಕ ನಿಜ. ಆದರೆ ಆ ಮಗು ಈಗಲೂ ಅದೇ ಅಪಾಯದಲ್ಲೇ ಇದೆಯಲ್ಲ! ಕಾನೂನು ಮಾಡಬೇಕಾದ ಸಂಸತ್ತು ಸುಮ್ನೆ ಕೂತಿದೆ.

ಅಮೆರಿಕದ ಫ್ಲೋರಿಡಾದಲ್ಲಿ 1977ರಿಂದ 2010ರವರೆಗೆ ಇದಕ್ಕಿಂತ ವಿಚಿತ್ರ ನಡೆಯಿತು. ಸಲಿಂಗಿಗಳಿಗೆ ದತ್ತು ನಿಷೇಧ. ಆದರೆ ಸರ್ಕಾರವೇ ಹೆತ್ತವರ ಆಸರೆ ತಪ್ಪಿದ ಮಕ್ಕಳನ್ನು ಸಾಕಲು ಅವರ ಮನೆಗೆ ಕಳಿಸುತ್ತಿತ್ತು. ವರ್ಷಗಟ್ಟಲೆ ಸಾಕಿ ಅಂದರು, ನಿಮ್ಮ ಮಗು ಅನ್ನಬೇಡಿ ಅಂದರು.

ಅಪ್ಪ-ಅಮ್ಮ ಇಬ್ಬರೂ ಇರಲೇಬೇಕು ಅಂತ ಕಾನೂನೇ ನಂಬಿದ್ದರೆ ಒಂಟಿಯವರಿಗೆ ದತ್ತು ಕೊಡುತ್ತಿರಲಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2002ರಲ್ಲೇ ಎರಡನೆಯ ಪಾಲಕರಿಗೂ ದತ್ತು ಕೊಡಿ ಅಂದಿತ್ತು, ಮಗುವಿನ ಭದ್ರತೆಗಾಗಿಯೇ.

ಆಡಿಕೊಳ್ಳುವುದು? ಆಡಿಕೊಳ್ಳುತ್ತಾರೆ, ಇಲ್ಲ ಅನ್ನುವುದಿಲ್ಲ. ಫ್ಲೋರಿಡಾದಲ್ಲೇ ಒಬ್ಬ ಬಿಳಿಯ ತಾಯಿ ಕಪ್ಪು ಗಂಡಸನ್ನು ಮದುವೆಯಾದಾಗ, ಜನ ಹಂಗಿಸುತ್ತಾರೆ ಅಂತ ಕೋರ್ಟು ಮಗುವನ್ನು ಅವಳಿಂದ ಬಿಡಿಸಿತ್ತು. ಜನರ ಪೂರ್ವಗ್ರಹಕ್ಕೆ ಕಾನೂನು ಬಲ ಕೊಡುವಂತಿಲ್ಲ ಅಂತ 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಹಂಗಿಸುವ ಮಕ್ಕಳಿಗೆ ಬುದ್ಧಿ ಹೇಳುವುದು ಟೀಚರ ಕೆಲಸ, ನಮ್ಮ ನಿಮ್ಮ ಕೆಲಸ.

ಇನ್ನು ಸರದಿ. ಅದು ಸ್ವಲ್ಪ ಉದ್ದವಾಗಬಹುದು, ಒಪ್ಪಿದೆ. ಆದರೆ ಒಂಟಿಯಾಗಿ ಅರ್ಜಿ ಹಾಕಿದವರು ಈಗಾಗಲೇ ಅದರಲ್ಲಿದ್ದಾರೆ. ಅದೇ ಅರ್ಜಿಗೆ ಇನ್ನೊಂದು ಹೆಸರು ಸೇರಿದರೆ ಯಾರ ನಂಬರೂ ಹಿಂದೆ ಹೋಗುವುದಿಲ್ಲ. ಮತ್ತೆ, ಆ ನೂಕುನುಗ್ಗಲೆಲ್ಲ ಪುಟ್ಟ ಕೂಸುಗಳಿಗೆ. ಏಳೆಂಟು ವರ್ಷ ದಾಟಿದ ಮಕ್ಕಳಿಗೆ, ಅಂಗವಿಕಲ ಮಕ್ಕಳಿಗೆ, ಬಿಟ್ಟಿರಲಾಗದ ಅಣ್ಣ-ತಂಗಿಯರಿಗೆ ಮನೆ ಸಿಗುವುದೇ ಕಷ್ಟ. ಆ ಸರದಿಯಲ್ಲಿ ನಿಂತಿರುವವರು ಮಕ್ಕಳು.