ಊರಿನ ಹಳೆಯ ಕೇಸು ಇಂಗ್ಲೆಂಡಿನ ಶಾಲಾ ಗವರ್ನರ್ ಹುದ್ದೆಗೆ ಅಡ್ಡಿಯೇ?

ಪ್ರಶ್ನೆ: ನಾನು ಧಾರವಾಡದವನು, ಹನ್ನೊಂದು ವರ್ಷಗಳಿಂದ ಇಂಗ್ಲೆಂಡಿನಲ್ಲಿದ್ದೇನೆ. ಮಗಳು ಓದುತ್ತಿರುವ ಸರ್ಕಾರಿ ಪ್ರಾಥಮಿಕ ಶಾಲೆಗೆ ಪೋಷಕರು ನನ್ನನ್ನು ಗವರ್ನರ್ (ಶಾಲೆಯ ಆಡಳಿತ ಮಂಡಳಿಯ ಸದಸ್ಯ) ಆಗಿ ಆರಿಸಿದ್ದಾರೆ. ಈಗ ಆಡಳಿತ ಮಂಡಳಿಯ ಕ್ಲರ್ಕ್ ‘ಡಿಬಿಎಸ್’ (ಅಪರಾಧ ದಾಖಲೆಗಳನ್ನು ತಪಾಸಣೆ ಮಾಡುವ ಇಲ್ಲಿನ ಸರ್ಕಾರಿ ಸಂಸ್ಥೆ) ಅರ್ಜಿ ತುಂಬಲು ಹೇಳಿದ್ದಾರೆ. ಕಾಲೇಜಿನಲ್ಲಿದ್ದಾಗ ಬಸ್ ದರ ಏರಿಕೆ ವಿರೋಧಿಸಿ ರಸ್ತೆ ತಡೆ ನಡೆಸಿದ್ದಕ್ಕೆ ನನ್ನ ಮೇಲೆ ಎಫ್‌ಐಆರ್ ಆಗಿತ್ತು, ಕೋರ್ಟಿನಲ್ಲಿ ಖುಲಾಸೆಯಾಯಿತು. ಇದರಿಂದ ತೊಡಕಾಗುವುದೇ? ಮುಂದೆ ಇಲ್ಲಿನ ಕೌನ್ಸಿಲ್ (ಸ್ಥಳೀಯ ಆಡಳಿತ ಸಂಸ್ಥೆ) ಚುನಾವಣೆಗೆ ನಿಲ್ಲುವ ಆಸೆಯಿದೆ. ಅದಕ್ಕೂ ಇದೇ ತಪಾಸಣೆಯೇ?

ಉತ್ತರ: ಖುಲಾಸೆಯಾದ ಪ್ರಕರಣ ನಿಮ್ಮನ್ನು ಗವರ್ನರ್ ಸ್ಥಾನಕ್ಕೆ ಅನರ್ಹರನ್ನಾಗಿ ಮಾಡುವುದಿಲ್ಲ. ಅನರ್ಹತೆ ಬರುವುದು ಅಪರಾಧ ಸಾಬೀತಾಗಿ ಶಿಕ್ಷೆಯಾದಾಗ, ಅದೂ ಶಿಕ್ಷೆಯ ಅವಧಿಯನ್ನು ನೋಡಿ: ಕಳೆದ ಐದು ವರ್ಷಗಳಲ್ಲಿ ದಂಡ ಕಟ್ಟುವ ಅವಕಾಶವಿಲ್ಲದ ಮೂರು ತಿಂಗಳು ಅಥವಾ ಹೆಚ್ಚಿನ ಜೈಲು ಶಿಕ್ಷೆ, ಇಪ್ಪತ್ತು ವರ್ಷಗಳಲ್ಲಿ ಎರಡೂವರೆ ವರ್ಷ ಅಥವಾ ಹೆಚ್ಚಿನದು, ಎಂದಾದರೂ ಐದು ವರ್ಷ ಅಥವಾ ಹೆಚ್ಚಿನದು. ಶಿಕ್ಷೆ ಅಮಾನತಿನಲ್ಲಿದ್ದರೂ ಲೆಕ್ಕಕ್ಕೆ ಬರುತ್ತದೆ. ಗವರ್ನರ್‌ಗಳ ಮಟ್ಟಿಗೆ ಹೊರದೇಶದ ಕೋರ್ಟು ಕೊಟ್ಟ ಶಿಕ್ಷೆಯೂ ಬರುತ್ತದೆ.

ಆದರೆ ಅರ್ಜಿಯನ್ನು ಮುಂದೂಡಬೇಡಿ. 2016ರ ಮಾರ್ಚ್ 18ರಿಂದ ಜಾರಿಯಲ್ಲಿರುವ ನಿಯಮದಂತೆ, ಸರ್ಕಾರಿ ಶಾಲೆಯ ಹೊಸ ಗವರ್ನರ್ ನೇಮಕವಾದ 21 ದಿನಗಳೊಳಗೆ ಆಡಳಿತ ಮಂಡಳಿ ಡಿಬಿಎಸ್‌ನ ‘ಎನ್‌ಹ್ಯಾನ್ಸ್ಡ್’ (ಹೆಚ್ಚು ವಿವರವಾದ) ದರ್ಜೆಯ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸಬೇಕು. ಕ್ಲರ್ಕ್ ಕೇಳಿದ ಮೇಲೂ ಅರ್ಜಿ ಹಾಕಲು ಒಪ್ಪದಿದ್ದರೆ ಆ ನಿರಾಕರಣೆಯೇ ಅನರ್ಹತೆಗೆ ಕಾರಣವಾಗುತ್ತದೆ. ಗವರ್ನರ್ ಸಂಬಳವಿಲ್ಲದ ಸ್ವಯಂಸೇವಕರಾದ್ದರಿಂದ ಡಿಬಿಎಸ್ ಇದಕ್ಕೆ ಶುಲ್ಕ ಪಡೆಯುವುದಿಲ್ಲ.

ಈ ಅರ್ಜಿಯಲ್ಲಿ ನಮ್ಮವರು ಎಡವುವುದು ಕೇಸುಗಳಿಂದಲ್ಲ, ಹೆಸರಿನಿಂದ. ಒಮ್ಮೆ ನನ್ನ ಮುಂದೆ ಕುಳಿತು ಫಾರಂ ತುಂಬುತ್ತಿದ್ದ ತಾಯಿಯೊಬ್ಬರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್‌ಗಳಿದ್ದವು. ಪಾಸ್‌ಪೋರ್ಟಿನಲ್ಲಿ ಅವೇ ಬಿಡಿಸಿಕೊಂಡು ಊರಿನ ಹೆಸರೂ ತಂದೆಯ ಹೆಸರೂ ಆಗಿದ್ದವು. ಡ್ರೈವಿಂಗ್ ಲೈಸೆನ್ಸಿನಲ್ಲಿ ಗಂಡನ ಮನೆತನದ ಹೆಸರಿತ್ತು. ಅವರು ಕೊನೆಯದೊಂದನ್ನು ಮಾತ್ರ ಬರೆದಿದ್ದರು. ಫಾರಂ ಕೇಳುವುದು ಈವರೆಗೆ ಬಳಸಿದ ಎಲ್ಲ ಹೆಸರುಗಳನ್ನು, ಜೊತೆಗೆ ಕಳೆದ ಐದು ವರ್ಷಗಳಲ್ಲಿ ವಾಸವಿದ್ದ ಎಲ್ಲ ವಿಳಾಸಗಳನ್ನು, ನಡುವೆ ಒಂದು ತಿಂಗಳೂ ಬಿಟ್ಟುಹೋಗದಂತೆ.

ಇದು ಕಚೇರಿಯವರ ಕಿರಿಕಿರಿ ಎಂದುಕೊಳ್ಳಬೇಡಿ. 2002ರ ಆಗಸ್ಟಿನಲ್ಲಿ ಕೇಂಬ್ರಿಜ್‌ಶೈರಿನ ಸೋಹಮ್ ಎಂಬ ಸಣ್ಣ ಊರಿನಲ್ಲಿ ಹತ್ತು ವರ್ಷದ ಇಬ್ಬರು ಹೆಣ್ಣುಮಕ್ಕಳನ್ನು ಕೊಂದವನು ಆ ಊರಿನ ಹೈಸ್ಕೂಲಿನಲ್ಲಿ ಉಸ್ತುವಾರಿ ನೌಕರನಾಗಿದ್ದ. ಅವನ ಮೇಲೆ ಬೇರೊಂದು ಪ್ರಾಂತ್ಯದ ಪೊಲೀಸರಿಗೆ ಹಲವು ದೂರುಗಳು ಬಂದಿದ್ದರೂ ಶಾಲೆಗೆ ಅವು ತಿಳಿಯಲಿಲ್ಲ. ಅವನಿಗೆ ಎರಡು ಸರ್‌ನೇಮ್‌ಗಳಿದ್ದವು, ಪೊಲೀಸ್ ಕಂಪ್ಯೂಟರಿನಲ್ಲಿ ಹುಡುಕಿದ್ದು ಒಂದನ್ನು ಮಾತ್ರ. ಸರ್ ಮೈಕೆಲ್ ಬಿಚರ್ಡ್ ಅವರ ವಿಚಾರಣಾ ವರದಿ 2004ರಲ್ಲಿ ಈ ಲೋಪಗಳನ್ನೆಲ್ಲ ಬಿಡಿಸಿಟ್ಟಿತು. ಇಂದಿನ ಕಟ್ಟುನಿಟ್ಟು ಬೆಳೆದು ಬಂದದ್ದು ಅಲ್ಲಿಂದ. ಆದ್ದರಿಂದ ಆ ತಾಯಿಯಿಂದ ನಾನು ಮೂರೂ ಹೆಸರುಗಳನ್ನು ಬರೆಸಿದೆ.

ಎನ್‌ಹ್ಯಾನ್ಸ್ಡ್ ಪ್ರಮಾಣಪತ್ರದಲ್ಲಿ ಶಿಕ್ಷೆ ಮತ್ತು ಪೊಲೀಸರು ಕೊಟ್ಟ ಅಧಿಕೃತ ಎಚ್ಚರಿಕೆಗಳ ಜೊತೆಗೆ, ಸ್ಥಳೀಯ ಪೊಲೀಸ್ ಮುಖ್ಯಸ್ಥರು ಈ ಹುದ್ದೆಗೆ ಸಂಬಂಧಿಸಿದ್ದೆಂದು ಭಾವಿಸುವ ಇತರ ಮಾಹಿತಿಯೂ ಬರಬಹುದು. ಭಾರತದ ಪೊಲೀಸ್ ಕಡತಗಳನ್ನು ಡಿಬಿಎಸ್ ತೆರೆದು ನೋಡಲಾರದು. ಹಾಗಾಗಿ ಹೊರದೇಶದಲ್ಲಿ ಬಾಳಿದವರಿಂದ ಶಾಲೆ ಪ್ರತ್ಯೇಕ ದಾಖಲೆ ಕೇಳಬಹುದು. ಭಾರತದ ಮಟ್ಟಿಗೆ ಅದು ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್.

ಕೌನ್ಸಿಲರ್ ಸ್ಥಾನದ ದಾರಿ ಬೇರೆ. 1972ರ ಸ್ಥಳೀಯ ಸರ್ಕಾರ ಕಾಯ್ದೆಯ 80ನೇ ಕಲಮಿನಂತೆ, ಚುನಾವಣೆಗೆ ಹಿಂದಿನ ಐದು ವರ್ಷಗಳಲ್ಲಿ ದಂಡದ ಅವಕಾಶವಿಲ್ಲದ ಮೂರು ತಿಂಗಳು ಅಥವಾ ಹೆಚ್ಚಿನ ಜೈಲು ಶಿಕ್ಷೆಯಾದವರು ಅನರ್ಹರು. ಇಲ್ಲಿ ಲೆಕ್ಕಕ್ಕೆ ಬರುವುದು ಯುನೈಟೆಡ್ ಕಿಂಗ್‌ಡಮ್, ಚಾನೆಲ್ ದ್ವೀಪಗಳು ಮತ್ತು ಐಲ್ ಆಫ್ ಮ್ಯಾನ್‌ನ ಶಿಕ್ಷೆಗಳು ಮಾತ್ರ. ಲೈಂಗಿಕ ಅಪರಾಧಿಗಳ ನೋಂದಣಿಗೆ ಒಳಪಟ್ಟವರನ್ನು 2022ರ ಕಾಯ್ದೆ ಹೊರಗಿಟ್ಟಿತು. ಆದರೆ ನಾಮಪತ್ರದ ಹಂತದಲ್ಲಿ ಡಿಬಿಎಸ್ ಪ್ರಮಾಣಪತ್ರವನ್ನು ಯಾರೂ ಕೇಳುವುದಿಲ್ಲ. ‘ನಾನು ಅನರ್ಹನಲ್ಲ’ ಎಂದು ಅಭ್ಯರ್ಥಿ ಸಹಿ ಹಾಕುತ್ತಾರೆ, ಆ ಮಾತು ಸುಳ್ಳಾದರೆ ಅದೇ ಅಪರಾಧ. ಒಂದು ಶಾಲೆಯ ಗವರ್ನರ್‌ಗೆ ಕಡ್ಡಾಯವಾದದ್ದು, ಕೌನ್ಸಿಲ್‌ನ ಆಶ್ರಯದಲ್ಲಿರುವ ಇಡೀ ಜಿಲ್ಲೆಯ ಮಕ್ಕಳ ಆರೈಕೆಯ ಬಗ್ಗೆ ತೀರ್ಮಾನಿಸುವ ಸಮಿತಿಯ ಸದಸ್ಯರಿಗೆ ಕಡ್ಡಾಯವಲ್ಲದೆ ಬಂದದ್ದು ಸರಿಯಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಅಂಥ ಸಮಿತಿಗಳಿಗೆ ಪರಿಗಣಿಸುವ ಕೌನ್ಸಿಲರ್‌ಗಳಿಗೂ ಎನ್‌ಹ್ಯಾನ್ಸ್ಡ್ ತಪಾಸಣೆ ಕಡ್ಡಾಯವಾಗಲಿ ಎಂದು ಡಿಬಿಎಸ್ ವ್ಯವಸ್ಥೆಯ ಕುರಿತ ಸೈಮನ್ ಬೇಲಿ ಅವರ ಪರಿಶೀಲನಾ ವರದಿ 2023ರಲ್ಲಿ ಶಿಫಾರಸು ಮಾಡಿತು. ನೀವು ಗೆದ್ದರೆ, ಯಾರೂ ಕೇಳದಿದ್ದರೂ ನೀವಾಗಿಯೇ ಈ ತಪಾಸಣೆಗೆ ಮುಂದಾಗಿ ಎಂದು ಕೋರುತ್ತೇನೆ.

ಡಿಬಿಎಸ್ ಪ್ರಮಾಣಪತ್ರ ಅಂಚೆಯಲ್ಲಿ ನಿಮ್ಮ ಮನೆಗೇ ಬರುತ್ತದೆ. ಮೂಲಪ್ರತಿಯನ್ನು ನೀವೇ ಶಾಲೆಗೆ ಒಯ್ದು ತೋರಿಸಬೇಕು. ಅದರಲ್ಲಿ ತಪ್ಪಿದ್ದರೆ ಡಿಬಿಎಸ್‌ಗೆ ಆಕ್ಷೇಪಣೆ ಸಲ್ಲಿಸಬಹುದು. ಧಾರವಾಡದ ಕೇಸಿನ ವಿಷಯವನ್ನು ಶಾಲೆ ಕೇಳಿದರೆ ಮುಚ್ಚಿಡದೆ ಎರಡು ಸಾಲಿನಲ್ಲಿ ಹೇಳಿ. ಖುಲಾಸೆ ತೀರ್ಪಿನ ದೃಢೀಕೃತ ನಕಲು ನಿಮ್ಮ ಬಳಿ ಇಲ್ಲದಿದ್ದರೆ, ಊರಿನಲ್ಲಿರುವ ವಕೀಲರ ಮೂಲಕ ಕೋರ್ಟಿನ ನಕಲು ವಿಭಾಗಕ್ಕೆ ಈ ವಾರವೇ ಅರ್ಜಿ ಹಾಕಿಸಿ. ಹಳೆಯ ಕಡತ ಹುಡುಕಿ ತೆಗೆಯಲು ಅವರಿಗೆ ಸಮಯ ಬೇಕಾಗುತ್ತದೆ.